ಉಕ್ಕಿನ ಶಿರಸ್ತ್ರಾಣ ಮತ್ತು ಮೂರ್ಛೆ

ಜರ್ಮನ್ ಸೈನಿಕರ ಹಳೆಯ ಶಿರಸ್ತ್ರಾಣಗಳನ್ನು ಕೊಂಡು ಕೂಡಿಡುವುದು ಯುರೋಪು, ಅಮೆರಿಕಗಳಲ್ಲಿ ಬಹುಕಾಲದಿಂದ ಬೆಳೆದ ಹವ್ಯಾಸ. ಇದು ಇತಿಹಾಸದ ಅಧ್ಯಯನ, ಶಿರಸ್ತ್ರಾಣವು ಆಯುಧವಲ್ಲ, ತಲೆಯನ್ನು ಕಾಯುವ ಸಾಧನ ಎಂಬುದು ಸಂಗ್ರಾಹಕರ ಸಮರ್ಥನೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಈ ಮಾತನ್ನು ಪರೀಕ್ಷಿಸದೆ ಒಪ್ಪಲಾಗದು; ಪರೀಕ್ಷಿಸದೆ ತಳ್ಳಲೂ ಆಗದು.

ಭೇದಗಳನ್ನು ಗುರುತಿಸುವ ವಿದ್ಯೆ ಸೂಕ್ಷ್ಮವಾದುದು, ನಿಜ. ವೆರ್ದುನ್ ಕದನ ನಡೆದ 1916ರ ಮಾದರಿಗೆ ಎರಡೂ ಪಕ್ಕಗಳಲ್ಲಿ ಕೊಂಬಿನಂಥ ಗಾಳಿಗೊಳವೆಗಳಿವೆ. ಹಣೆಯ ರಕ್ಷಾಫಲಕವನ್ನು ಸಿಕ್ಕಿಸುತ್ತಿದ್ದುದೂ ಅವುಗಳಿಗೇ. 1935ರ ಮಾದರಿಯಲ್ಲಿ ಗಾಳಿರಂಧ್ರಕ್ಕೆ ಪ್ರತ್ಯೇಕ ಬಳೆಯುಂಟು. 1940ರದರಲ್ಲಿ ಅದನ್ನು ತಗಡಿನಲ್ಲೇ ಒತ್ತಲಾಗಿದೆ. 1942ರದರಲ್ಲಿ ಅಂಚು ಮಡಿಸುವ ಕೆಲಸವನ್ನೇ ಕೈಬಿಡಲಾಗಿದೆ. ಒಳಗಿನ ‘ಇಟಿ’ ಮುದ್ರೆ ಟಾಲೆ ಊರಿನ ಕಾರ್ಖಾನೆಯದು. ಪಕ್ಕದ 64, 66 ಎಂಬ ಅಂಕಿಗಳು ಅಳತೆ. ಯುದ್ಧದ ಅವಸರವನ್ನೂ ಕೊರತೆಯನ್ನೂ ಬಲ್ಲವರು ಆ ಅಂಚಿನಲ್ಲೇ ಓದಬಲ್ಲರು. ಇಷ್ಟು ಜ್ಞಾನ, ಇದರಲ್ಲಿ ದೋಷವಿಲ್ಲ.

ಆದರೆ ಬೆಲೆ ಯಾವುದಕ್ಕೆ? ಒಂದೇ ಕಾರ್ಖಾನೆಯ, ಒಂದೇ ಅಳತೆಯ ಎರಡರಲ್ಲಿ ಎಸ್‌.ಎಸ್‌. ಲಾಂಛನವುಳ್ಳದ್ದಕ್ಕೆ ಹಲವು ಪಟ್ಟು ಬೆಲೆ. ಸುಮಾರು 60 ಲಕ್ಷ ಯೆಹೂದ್ಯರ ಹತ್ಯೆಯಲ್ಲಿ ಮುಂದಾಗಿದ್ದ ಸಂಘಟನೆಯ ಗುರುತು ಅದು. ಉಕ್ಕು ಅದೇ, ವಿದ್ಯೆಯೂ ಅದೇ. ಬೆಲೆ ಏರಿಸಿದ್ದು ಕ್ರೌರ್ಯದ ಚಿಹ್ನೆ. ಜರ್ಮನಿಯ ಕಾನೂನು ಆ ಲಾಂಛನದ ಸಾರ್ವಜನಿಕ ಪ್ರದರ್ಶನವನ್ನು ನಿಷೇಧಿಸಿ, ಬೋಧನೆ ಸಂಶೋಧನೆಗಳಿಗೆ ವಿನಾಯಿತಿ ಕೊಟ್ಟಿದೆ. ಜ್ಞಾನವನ್ನೂ ಮೋಹವನ್ನೂ ಬೇರೆಯಾಗಿ ಕಾಣಬೇಕೆಂಬುದನ್ನು ಲೌಕಿಕ ಶಾಸನವೇ ಅರಿತಿದೆ.

ಈ ಬೆಲೆಯ ಆಸೆಯಿಂದಲೇ ಹಳೆಯ ತಗಡಿಗೆ ಹೊಸ ಲಾಂಛನ ಅಂಟಿಸುವ ಖೋಟಾ ವ್ಯಾಪಾರ ಹುಟ್ಟಿತು. ರಣಭೂಮಿಗಳನ್ನು ಕದ್ದು ಅಗೆಯುವವರು ಶಿರಸ್ತ್ರಾಣದೊಡನೆ ಮೃತನ ಗುರುತಿನ ಬಿಲ್ಲೆಯನ್ನೂ ಒಯ್ಯುತ್ತಾರೆ. ಬಿಲ್ಲೆ ಹೋದರೆ ಆ ಅಸ್ಥಿಗೆ ಹೆಸರಿಲ್ಲ, ಮನೆಯವರಿಗೆ ಸಮಾಧಿಯಿಲ್ಲ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕದ್ದ ಮಾಲನ್ನು ಕೊಳ್ಳುವ ತದಾಹೃತಾದಾನವನ್ನೂ, ಖೋಟಾ ಸರಕಿನ ಪ್ರತಿರೂಪಕ ವ್ಯವಹಾರವನ್ನೂ ಎಣಿಸಿದೆ. ಎಲ್ಲಿಂದ ಬಂತೆಂದು ಕೇಳದೆ ಹಣ ಎಣಿಸುವವನು ಕದ್ದವನ ಪಾಲುಗಾರನೇ.

ಕಾಯುವ ಸಾಧನವೆಂಬ ವಾದವೂ ನಿಲ್ಲದು. ಅಂದು ಅದು ತೊಟ್ಟವನ ತಲೆಯನ್ನು ಕಾಯಿತು. ಇಂದು ಗಾಜಿನ ಕಪಾಟಿನಲ್ಲಿ ಒಡೆಯನ ಮೂರ್ಛೆಯನ್ನು ಮಾತ್ರ ಕಾಯುತ್ತಿದೆ. ಪರಿಗ್ರಹವೆಂದರೆ ವಸ್ತುವಲ್ಲ, ಆ ಮೂರ್ಛೆಯೇ ಎಂಬುದು ಆಚಾರ್ಯರ ನಿರ್ಣಯ.

ದೂರದೇಶದ ಹವ್ಯಾಸವೆಂದು ಶ್ರಾವಕರು ಇದನ್ನು ಮರೆಯಬಾರದು. ನಾಣ್ಯ ಕೂಡಿಡುವ ಮನೆಗೂ, ಹಳೆಯ ಜಿನಬಿಂಬವನ್ನೋ ತಾಡವೋಲೆಯನ್ನೋ ಮಾರಲು ಬಂದವನೆದುರು ಕುಳಿತ ಬಸದಿಯ ಟ್ರಸ್ಟಿಗೂ ಇದೇ ಒರೆಗಲ್ಲು. ವಸ್ತು ಎಲ್ಲಿಯದು, ಯಾರದು, ಹೇಗೆ ಬಂತು ಎಂಬುದಕ್ಕೆ ಲಿಖಿತ ಉತ್ತರ ದೊರೆಯದಿದ್ದರೆ, ಎಷ್ಟೇ ಅಪೂರ್ವವಾಗಿರಲಿ, ಅದನ್ನು ಕೊಳ್ಳಲಾಗದು.