ಎರಡನೆಯ ಪತ್ರ

ಮಂಜೇಶ್ವರದ ಬಳಿಯ ತಾಯಿಯೊಬ್ಬರು ಈ ಅಂಕಣಕ್ಕೆ ಬರೆದ ಕಾಗದದಲ್ಲಿ ಒಂದು ಪ್ರಶ್ನೆಯಿದೆ. ಅವರ ಮಗಳು ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿ ರಸಾಯನಶಾಸ್ತ್ರವನ್ನು ಓದುತ್ತಿದ್ದಾಳೆ. ಬೇಸಗೆಯ ರಜೆಯಲ್ಲಿ ಎರಡು ತಿಂಗಳು ಪ್ರಯೋಗಾಲಯವೊಂದರಲ್ಲಿದ್ದು ಸಂಶೋಧನೆಯ ಕೆಲಸವನ್ನು ಕಲಿಯಬೇಕೆಂಬ ಆಸೆಯಿಂದ ಬೆಂಗಳೂರಿನ ಪ್ರಾಧ್ಯಾಪಕರೊಬ್ಬರಿಗೆ ಇ-ಮೇಲ್ ಬರೆದಳಂತೆ. ಮೂರು ವಾರ ಕಳೆದರೂ ಉತ್ತರವಿಲ್ಲ. ಇನ್ನೊಮ್ಮೆ ಬರೆಯಲೇ ಎಂದು ಕೇಳಿದರೆ, ಉತ್ತರ ಕೊಡದವರ ಬಾಗಿಲನ್ನು ಮತ್ತೆ ಬಡಿಯುವುದು ಮರ್ಯಾದಸ್ಥರ ಲಕ್ಷಣವಲ್ಲವೆಂದು ತಂದೆ ತಡೆದಿದ್ದಾರೆ. ಗಡಿಯಾಚೆ ಕನ್ನಡ ಮಾಧ್ಯಮದಲ್ಲಿ ಓದಿದ ತನ್ನಂಥವಳು ಅವರಿಗೇಕೆ ಬೇಕು ಎಂದುಕೊಂಡು ಮಗಳೂ ಸುಮ್ಮನಾಗಿದ್ದಾಳೆ. ಏನು ಮಾಡಬೇಕು ಎಂಬುದು ತಾಯಿಯ ಪ್ರಶ್ನೆ.

ಬರೆಯಬೇಕು ಎಂಬುದೇ ನಮ್ಮ ಉತ್ತರ. ಮೌನವನ್ನು ನಿರಾಕರಣೆಯೆಂದು ಓದಿಕೊಳ್ಳುವುದು ನಮ್ಮ ಜನರ ಹಳೆಯ ಅಭ್ಯಾಸ. ಅದಕ್ಕೆ ಕಾರಣವೂ ಇಲ್ಲದಿಲ್ಲ. ಆ ರಾಜ್ಯದ ಕಚೇರಿಗೆ ಹೋದರೆ ಈ ರಾಜ್ಯದವರೆಂದೂ, ಈ ರಾಜ್ಯದ ಕಚೇರಿಗೆ ಬಂದರೆ ಆ ಭಾಷೆಯವರೆಂದೂ ಅನಿಸಿಕೊಂಡು ಮರಳಿದವರ ಮಕ್ಕಳು ನಾವು. ಆದರೆ ಕಾಲೇಜಿನ ಸೀಟಿಗೆ ವಾಸ್ತವ್ಯದ ಪ್ರಮಾಣಪತ್ರ ಕೇಳುವವರು ಬೇರೆ, ಪ್ರಯೋಗಾಲಯದ ಪ್ರಾಧ್ಯಾಪಕರು ಬೇರೆ. ಇಂಥ ಪತ್ರವನ್ನು ಓದುವವರು ನೋಡುವುದು ಮುಖ್ಯವಾಗಿ ಎರಡೇ ಸಂಗತಿ: ಈ ಹುಡುಗಿಗೆ ತಮ್ಮ ವಿಷಯದಲ್ಲಿ ನಿಜವಾದ ಕುತೂಹಲವಿದೆಯೇ, ಅವಳಿಗೆ ಕಲಿಸಲು ತಮ್ಮಲ್ಲಿ ಜಾಗವೂ ಸಮಯವೂ ಇವೆಯೇ. ಎರಡನೆಯ ಪ್ರಶ್ನೆಗೆ ಉತ್ತರ ಅವರಿಗೇ ಕೂಡಲೇ ಹೊಳೆಯದಿದ್ದಾಗ ಪತ್ರ ಬದಿಗೆ ಸರಿಯುತ್ತದೆ. ಪರೀಕ್ಷೆಯ ಪತ್ರಿಕೆಗಳ ಮೌಲ್ಯಮಾಪನ, ಯೋಜನೆಗಳ ವರದಿ, ತಮ್ಮದೇ ಸಂಶೋಧನಾ ವಿದ್ಯಾರ್ಥಿಗಳ ಪ್ರಬಂಧಗಳು, ಇವುಗಳ ಕೆಳಗೆ ಅದು ಹೂತುಹೋಗುತ್ತದೆ. ಕೆಲವೊಮ್ಮೆ ಬೇಡದ ಅಂಚೆಯ ರಾಶಿಗೆ ಬಿದ್ದು ಅವರ ಕಣ್ಣಿಗೂ ಬಿದ್ದಿರುವುದಿಲ್ಲ. ಬೇಡವೆಂದು ತೀರ್ಮಾನಿಸಿ ಬೇಕೆಂದೇ ಸುಮ್ಮನಿರುವವರೂ ಉಂಟು, ಇಲ್ಲವೆನ್ನಲಾಗದು. ಹೊರಗಿನಿಂದ ಇವೆಲ್ಲವೂ ಒಂದೇ ತೆರನಾಗಿ ಕಾಣುತ್ತವೆ. ಬೇರ್ಪಡಿಸಿ ತಿಳಿಯಲು ಎರಡನೆಯ ಪತ್ರವೊಂದೇ ದಾರಿ.

ಕೇಳುವುದರಿಂದ ಮರ್ಯಾದೆ ಕುಂದುತ್ತದೆ ಎನ್ನುವವರಿಗೆ ಕಮಲಾ ಸೊಹೊನಿಯವರ ಕಥೆಯನ್ನು ಹೇಳಬೇಕೆನಿಸುತ್ತದೆ. ಆಗ ಅವರು ಕಮಲಾ ಭಾಗವತ್. 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದಿಂದ ಬಿ.ಎಸ್‌ಸಿ. ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಹೆಣ್ಣುಮಗಳೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಇಲ್ಲಿ ಮೌನವಲ್ಲ, ಸ್ಪಷ್ಟವಾದ ‘ಇಲ್ಲ’ ಬಂದಿತ್ತೆಂಬುದನ್ನು ಓದುಗರು ಗಮನಿಸಬೇಕು. ಆಕೆ ಬೆಂಗಳೂರಿಗೇ ಬಂದು ರಾಮನ್ನರೆದುರು ನಿಂತು, ಹೆಣ್ಣೆಂಬುದರ ಹೊರತು ಬೇರೇನು ಕೊರತೆಯೆಂದು ವಾದಿಸಿದರು. ಕೊನೆಗೆ ಒಂದು ವರ್ಷದ ಪರೀಕ್ಷಾರ್ಥ ಅವಧಿಗೆಂದು, ಕಠಿಣ ಷರತ್ತುಗಳೊಂದಿಗೆ ಪ್ರವೇಶ ದೊರೆಯಿತು. ಆ ಷರತ್ತುಗಳು ತಮಗೆ ಅವಮಾನವೆಂದೇ ಆಕೆ ಭಾವಿಸಿದ್ದರು. ಆದರೂ ಒಪ್ಪಿ ಕೆಲಸಕ್ಕೆ ಕುಳಿತರು. ವರ್ಷ ಕಳೆದಾಗ ರಾಮನ್ನರು ತೃಪ್ತರಾದರು, ಮುಂದೆ ಬೇರೆ ಹೆಣ್ಣುಮಕ್ಕಳಿಗೂ ಅಲ್ಲಿ ಬಾಗಿಲು ತೆರೆಯಿತು. 1939ರಲ್ಲಿ ಆಕೆ ಕೇಂಬ್ರಿಜ್ಜಿನಿಂದ ಡಾಕ್ಟರೇಟ್ ಪಡೆದರು. ರಾಮನ್ನರಂಥವರ ಎದುರಿನಲ್ಲಿ ಇಪ್ಪತ್ತೆರಡರ ಹುಡುಗಿ ಅಷ್ಟು ಮಾತನಾಡಬಹುದಾದರೆ, ನಾಲ್ಕು ಸಾಲಿನ ನೆನಪೋಲೆಗೆ ನಮ್ಮ ಮನೆಗಳಲ್ಲಿ ಇಷ್ಟು ಅಂಜಿಕೆಯೇಕೆ?

ಇನ್ನು ಆ ನಾಲ್ಕು ಸಾಲು ಹೇಗಿರಬೇಕು ಎಂಬ ಮಾತು. ಮೊದಲ ಪತ್ರದ ಮೇಲೆ ಹತ್ತು-ಹದಿನೈದು ದಿನ ಕಳೆದಿರಬೇಕು. ಹೊಸದಾಗಿ ಬರೆಯದೆ ಮೊದಲಿನ ಇ-ಮೇಲಿನ ಮುಂದುವರಿಕೆಯಾಗಿಯೇ ಕಳುಹಿಸಿದರೆ ಹಳೆಯದೂ ಅವರ ಕಣ್ಣೆದುರಿಗಿರುತ್ತದೆ. ತಾನು ಯಾರು, ಯಾವ ದಿನ ಏನು ಕೇಳಿ ಬರೆದಿದ್ದೆ ಎಂಬುದನ್ನು ಒಂದು ವಾಕ್ಯದಲ್ಲಿ ನೆನಪಿಸಿದರೆ ಸಾಕು. ‘ತಾವು ಉತ್ತರಿಸಲಿಲ್ಲ’ ಎಂಬ ಆಕ್ಷೇಪದ ಧ್ವನಿ ಬೇಡ. ‘ದಯವಿಟ್ಟು, ದಯವಿಟ್ಟು’ ಎಂಬ ಗೋಗರೆತವಂತೂ ಬೇಡವೇ ಬೇಡ. ಈ ನಡುವೆ ಮಾಡಿದ್ದೇನಾದರೂ ಇದ್ದರೆ, ಅವರದೊಂದು ಲೇಖನವನ್ನು ಓದಿ ಎದ್ದ ಸಂದೇಹವನ್ನೋ ಕಾಲೇಜಿನಲ್ಲಿ ಮಾಡಿ ನೋಡಿದ ಪ್ರಯೋಗವನ್ನೋ ಒಂದು ಮಾತಿನಲ್ಲಿ ಸೇರಿಸಬೇಕು. ಈ ಬೇಸಗೆಯಲ್ಲಿ ಅವಕಾಶವಿಲ್ಲದಿದ್ದರೆ ಬೇರೆ ಯಾರನ್ನು ಕೇಳಬಹುದೆಂದು ತಿಳಿಸಿದರೂ ಉಪಕಾರವಾಗುತ್ತದೆ ಎಂದು ಮುಗಿಸಬೇಕು. ಹೀಗೆ ಬರೆದರೆ ‘ಇಲ್ಲ’ ಎನ್ನುವುದು ಅವರಿಗೂ ಸುಲಭ. ಸುಲಭವಾಗಿ ಇಲ್ಲವೆನ್ನಬಲ್ಲವರು ಎಷ್ಟೋ ಸಲ ಸುಲಭವಾಗಿ ಹೌದನ್ನೂ ಎನ್ನುತ್ತಾರೆ.

ಎರಡನೆಯ ಪತ್ರ ಬರಿಗೈಯಲ್ಲಿ ಹೋಗಬಾರದೆಂಬುದಕ್ಕೆ ಸತ್ಯೇಂದ್ರನಾಥ ಬೋಸರು ನಿದರ್ಶನ. ಅವರು ವಿದ್ಯಾರ್ಥಿಯಲ್ಲ, ಢಾಕಾದಲ್ಲಿ ಅಧ್ಯಾಪಕರಾಗಿದ್ದವರು, ನಿಜ. 1924ರ ಜೂನ್ 4ರಂದು ತಮ್ಮ ಲೇಖನವೊಂದನ್ನು ಪರಿಚಯವೇ ಇಲ್ಲದ ಐನ್‌ಸ್ಟೈನರಿಗೆ ಕಳುಹಿಸಿದರು. ಅದೇ ತಿಂಗಳ 15ರಂದು, ಉತ್ತರ ಕೈಸೇರುವ ಮುನ್ನವೇ, ಇನ್ನೊಂದು ಲೇಖನವನ್ನು ರವಾನಿಸಿದರು. ಐನ್‌ಸ್ಟೈನರು ಮೊದಲಿನದನ್ನು ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಣೆಗೆ ಕೊಟ್ಟರು.

ಭಾಷೆಯ ವಿಷಯ. ಪ್ರಾಧ್ಯಾಪಕರು ಕನ್ನಡಿಗರೇ ಆಗಿದ್ದರೂ ಪತ್ರ ಇಂಗ್ಲಿಷಿನಲ್ಲಿರುವುದು ಒಳ್ಳೆಯದು. ಅದನ್ನು ಅವರು ಕಚೇರಿಗೋ ಸಹೋದ್ಯೋಗಿಗೋ ತೋರಿಸಬೇಕಾಗಬಹುದು. ಸಣ್ಣ ವಾಕ್ಯಗಳ ಸರಳ ಇಂಗ್ಲಿಷು ಸಾಕು. ಯಂತ್ರದಿಂದ ಬರೆಸಿದ ಅಲಂಕಾರದ ಪತ್ರಗಳು ಇಂದು ಅವರ ಮೇಜಿಗೆ ಹೇರಳವಾಗಿ ಬರುತ್ತವೆ. ಅವುಗಳ ನಡುವೆ ನಮ್ಮ ಮಕ್ಕಳ ತಡವರಿಸುವ ಆದರೆ ಸ್ವಂತದ ವಾಕ್ಯಕ್ಕೆ ಹೆಚ್ಚು ಬೆಲೆಯೆಂದು ನಾವು ಬಲ್ಲೆವು. ಮಾತಿಗೆ ಕುಳಿತಾಗ ಕನ್ನಡ ಬಂದರೆ ನಾಚಬೇಕಾಗಿಲ್ಲ.

ಹೆಚ್ಚಿನ ಮಕ್ಕಳು ಎಡವುವುದು ಮೌನದಲ್ಲಲ್ಲ, ‘ನೋಡೋಣ’ ಎಂಬ ಮಾತಿನಲ್ಲಿ. ನಮ್ಮ ಭಾಷೆಯಲ್ಲಿ ಈ ಪದಕ್ಕಿರುವಷ್ಟು ಅರ್ಥ ಬೇರೆ ಪದಕ್ಕಿರಲಾರದು. ಹೆಣ್ಣು ಕೇಳಿಕೊಂಡು ಬಂದವರಿಗೆ ಹಿರಿಯರು ಹೇಳುವ ‘ನೋಡೋಣ’ವು ಬಹುಮಟ್ಟಿಗೆ ‘ಬೇಡ’ವೇ. ಆದರೆ ಪ್ರಾಧ್ಯಾಪಕರು ‘ನೋಡೋಣ, ಪರೀಕ್ಷೆ ಮುಗಿದ ಮೇಲೆ ಬರೆಯಿರಿ’ ಎಂದರೆ ಅದರ ಅರ್ಥ ಅಷ್ಟೇ: ಪರೀಕ್ಷೆ ಮುಗಿದ ಮೇಲೆ ಬರೆಯಬೇಕು. ಅವರು ನೆನಪಿಟ್ಟು ಕರೆಯುವರೆಂದು ಕಾಯುತ್ತ ಕುಳಿತವರ ಬೇಸಗೆ ಮನೆಯಂಗಳದಲ್ಲೇ ಕಳೆಯುತ್ತದೆ. ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿಟ್ಟುಕೊಂಡು, ಬಂದ ಕೂಡಲೇ ‘ತಾವು ಹೇಳಿದಂತೆ ಬರೆಯುತ್ತಿದ್ದೇನೆ’ ಎಂದು ಆರಂಭಿಸುವುದು ಅವರ ಮಾತಿಗೆ ಕೊಡುವ ಗೌರವವೇ ಸರಿ. ಇಷ್ಟರ ಮೇಲೂ, ಮೂರನೆಯ ಪತ್ರಕ್ಕೂ ಉತ್ತರವಿಲ್ಲವೆಂದರೆ ಅಲ್ಲಿಗೆ ನಿಲ್ಲಿಸಿ ಬೇರೆಯವರನ್ನು ಕೇಳಬೇಕು. ರಾತ್ರಿ ಹೊತ್ತು ಮನೆಗೆ ಫೋನು ಮಾಡುವುದು, ಪರಿಚಯದ ರಾಜಕಾರಣಿಯಿಂದ ಹೇಳಿಸುವುದು, ಮಗಳ ಬದಲು ಅಪ್ಪನೇ ಮಾತನಾಡುವುದು ಯಾವುದೂ ಸಲ್ಲದು.

ದೂರದ ಊರೇ ಆಗಬೇಕೆಂದೂ ಇಲ್ಲ. ಕಾಸರಗೋಡಿನಲ್ಲಿ 1916ರಷ್ಟು ಹಿಂದೆ ತೆಂಗಿನ ಸಂಶೋಧನೆಗೆ ತೊಡಗಿ ಇಂದು ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿರುವ ಕೇಂದ್ರವಿದೆ. ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯವಿದೆ. ಮಂಜೇಶ್ವರದವರಿಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ ಪಕ್ಕದ ಮನೆಯಿದ್ದಂತೆ. ಇಂಥಲ್ಲಿ ಎರಡನೆಯ ಪತ್ರದಲ್ಲಿ ಭೇಟಿಗೆ ಸಮಯ ಕೇಳಿ, ಸ್ವತಃ ಹೋಗಿ ಹತ್ತು ನಿಮಿಷ ಮಾತನಾಡಿ ಬರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಇನ್ನೆರಡು ರಾಷ್ಟ್ರೀಯ ಅಕಾಡೆಮಿಗಳೊಡನೆ ಹಲವು ವರ್ಷಗಳಿಂದ ನಡೆಸುತ್ತ ಬಂದಿರುವ ಬೇಸಗೆಯ ಫೆಲೋಶಿಪ್ಪಿನ ಕ್ರಮ ಮಾತ್ರ ಬೇರೆ. ಅಲ್ಲಿ ಅರ್ಜಿ ಹೋಗಬೇಕಾದದ್ದು ಅಕಾಡೆಮಿಗೆ, ಪ್ರಾಧ್ಯಾಪಕರಿಗಲ್ಲ.

ಇದೆಲ್ಲ ಬರಿಯ ಹವ್ಯಾಸವಾಗಿ ಉಳಿದಿಲ್ಲವೆಂಬುದನ್ನು ಹಿರಿಯರು ಅರಿಯಬೇಕು. 2024ರಿಂದ ಕೇರಳದ ಕಾಲೇಜುಗಳಲ್ಲಿ ನಾಲ್ಕು ವರ್ಷಗಳ ಪದವಿ ಬಂದಿದೆ. ನಾಲ್ಕನೆಯ ವರ್ಷವನ್ನು ಸಂಶೋಧನೆಗೆಂದು ಆರಿಸಿಕೊಳ್ಳುವವರಿಗೆ ಮಾರ್ಗದರ್ಶಕರೊಬ್ಬರು ಬೇಕು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2022ರ ಚೌಕಟ್ಟಿನಂತೆ ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡಾ 75 ಅಂಕಗಳೂ ಬೇಕು. ಪ್ರಾಧ್ಯಾಪಕರಿಗೆ ಪತ್ರ ಬರೆಯುವುದನ್ನು ಎರಡನೆಯ ವರ್ಷದಲ್ಲಿ ಕಲಿಯದವಳು ನಾಲ್ಕನೆಯ ವರ್ಷದಲ್ಲಿ ಅದನ್ನು ಅವಸರದಲ್ಲಿ ಕಲಿಯಬೇಕಾಗುತ್ತದೆ.

ಉತ್ತರ ‘ಬನ್ನಿ’ ಎಂದು ಬಂದಾಗಲೇ ಅನೇಕ ಮನೆಗಳಲ್ಲಿ ನಿಜವಾದ ಕಷ್ಟ ಮೊದಲಾಗುವುದನ್ನು ನಾವು ಕಂಡಿದ್ದೇವೆ. ಎರಡು ತಿಂಗಳು ಹುಡುಗಿ ಎಲ್ಲಿ ಉಳಿಯಬೇಕು, ಯಾರು ಕರೆದೊಯ್ಯಬೇಕು, ಭತ್ಯೆ ಸಿಗದಿದ್ದರೆ ಖರ್ಚಿಗೇನು ಎಂಬ ಪ್ರಶ್ನೆಗಳೇಳುತ್ತವೆ. ಒಪ್ಪಿ ಕರೆದವರಿಗೆ ಈ ಬಾರಿ ನಾವು ಮೌನವಾಗುತ್ತೇವೆ. ಆದ್ದರಿಂದ ತಂದೆತಾಯಿಗಳು ಕಳುಹಿಸುವ ವಿಚಾರವನ್ನು ಪತ್ರ ಹೋಗುವ ಮೊದಲೇ ಕುಳಿತು ಮಾತನಾಡಿಕೊಳ್ಳಲಿ. ಹಾಸ್ಟೆಲು ಇದೆಯೇ, ಭತ್ಯೆಯುಂಟೇ, ಕಾಲೇಜಿನಿಂದ ಯಾವ ಪತ್ರ ಬೇಕು ಎಂಬುದನ್ನು ಒಪ್ಪಿಗೆ ಬಂದ ದಿನವೇ ಮಗಳು ಸಂಕೋಚವಿಲ್ಲದೆ ಕೇಳಿ ಬರೆಯಲಿ. ಹೋಗಲಾಗದ ಪರಿಸ್ಥಿತಿಯಿದ್ದರೆ ಅದನ್ನೂ ಆ ದಿನವೇ ತಿಳಿಸಲಿ. ಆ ಜಾಗಕ್ಕಾಗಿ ಕಾಯುತ್ತಿರುವ ಇನ್ನೊಂದು ಮಗು ಎಲ್ಲೋ ಇದ್ದೀತು.