ಹಿರಿಯರ ಹೆಜ್ಜೆ

ನಮ್ಮಲ್ಲಿ ಅನೇಕರು ನೌಕರಿಯ ನಿಮಿತ್ತ ಇತ್ತ ಬಂದು ನೆಲೆಸಿದವರು. ಊರಿನಲ್ಲಿ ಒಂಟಿಯಾದ ತಂದೆತಾಯಿಗಳನ್ನು ಕರೆತಂದು ಜೊತೆಗಿಟ್ಟುಕೊಂಡವರೂ ಉಂಟು. ಊರಿನ ಅಂಗಳದಲ್ಲಿ ಸಲೀಸಾಗಿ ಓಡಾಡಿದ ಆ ಹಿರಿಯರಿಗೆ ಪಟ್ಟಂನ ಏರುತಗ್ಗು, ಮಳೆಗಾಲದ ಪಾಚಿ, ಎರ್ನಾಕುಳಂ ಬೋಟ್ ಜೆಟ್ಟಿಯಲ್ಲಿ ತೂಗಾಡುವ ದೋಣಿ, ಎಲ್ಲವೂ ಹೊಸತು. ಒಮ್ಮೆ ಕಾಲು ತಡವರಿಸಿತೋ, "ಇನ್ನು ನೀವು ಕುಳಿತಿರಿ ಅಪ್ಪಾ, ನಾವಿದ್ದೇವಲ್ಲ" ಎನ್ನುತ್ತೇವೆ. ಪ್ರೀತಿಯ ಮಾತೇನೋ ನಿಜ, ಹಿತದ ಮಾತೆ?

ನಡಿಗೆಯೆಂದರೆ ಪ್ರತಿ ಹೆಜ್ಜೆಗೂ ಮೈಯನ್ನು ಮುಂದಕ್ಕೆ ವಾಲಿಸಿ, ಮರುಕ್ಷಣ ಇನ್ನೊಂದು ಕಾಲಿನಿಂದ ಅದನ್ನು ತಡೆದು ನಿಲ್ಲಿಸುವ ಕೆಲಸ. ಇದಕ್ಕೆ ಸುದ್ದಿ ಮುಟ್ಟಿಸುವವರು ಮೂವರು: ಕಣ್ಣು, ಒಳಕಿವಿ, ಪಾದ ಹಾಗೂ ಕೀಲುಗಳು. ಮೂರೂ ವರದಿಗಳನ್ನು ನೋಡಿ ಮಿದುಳು ಸ್ನಾಯುಗಳಿಗೆ ಆಜ್ಞೆ ಹೊರಡಿಸುತ್ತದೆ. ವಯಸ್ಸಾದಂತೆ ಕಣ್ಣು ಮಂಜಾಗುತ್ತದೆ. ಒಳಕಿವಿಯ ಸೂಕ್ಷ್ಮ ಕೋಶಗಳು ಕಡಮೆಯಾಗುತ್ತವೆ. ಅಂಗಾಲಿನ ಅರಿವು ಮಂದವಾಗುತ್ತದೆ. ಥಟ್ಟನೆ ಬಿಗಿಯುವ ಸ್ನಾಯುಗಳೂ ಸೊರಗುತ್ತವೆ. ವರದಿ ತಡವಾದರೆ ಆಜ್ಞೆಯೂ ತಡವಾಗುವುದು ನಮ್ಮಂಥ ಗುಮಾಸ್ತರಿಗೆ ತಿಳಿದದ್ದೇ! ಎಡವುವುದು ಎಲ್ಲರಿಗೂ ಇದ್ದದ್ದು. ಎಡವಿದಾಗ ಇನ್ನೊಂದು ಕಾಲು ಹೊತ್ತಿಗೆ ಮುಂದೆ ಬಾರದಿದ್ದರೆ ಬೀಳುವುದು.

ಎಳೆಯರಿಗೆ ನಡಿಗೆ ತಾನಾಗಿ ಸಾಗುತ್ತದೆ. ಮುದುಕರಿಗೆ ಅದರ ಮೇಲೆ ಗಮನವಿಡಬೇಕಾಗುತ್ತದೆ. ನಡೆಯುವಾಗ ಮಾತಾಡಿಸಿದರೆ ನಿಂತುಬಿಡುವ ವೃದ್ಧರು ಮುಂದೆ ಬೀಳುವ ಸಂಭವ ಹೆಚ್ಚೆಂದು ಸ್ವೀಡನ್ನಿನ ಸಂಶೋಧಕರು 1997ರಲ್ಲಿ ತೋರಿಸಿದರು. ಆದಕಾರಣ ಮೆಟ್ಟಿಲಿಳಿಯುವ ಅಜ್ಜಿಯನ್ನು ಹಿಂದಿನಿಂದ ಕೂಗಬಾರದೆಂದು ಮಕ್ಕಳಿಗೆ ಹೇಳಿಕೊಡಿ. ರಾತ್ರಿ ಬಚ್ಚಲ ದಾರಿಯಲ್ಲಿ ಸಣ್ಣ ದೀಪವೊಂದು ಉರಿಯುತ್ತಿರಲಿ. ಕತ್ತಲಲ್ಲಿ ಕಣ್ಣಿನ ವರದಿಯೇ ಇಲ್ಲವಷ್ಟೆ.

ಇನ್ನು ಕೂರಿಸುವ ಮಾತು. ಕುಳಿತಷ್ಟೂ ತೊಡೆ, ಮೀನಖಂಡಗಳು ಬಲಗುಂದುತ್ತವೆ. ಬೀಳುವ ಭಯವೂ ಬೆಳೆಯುತ್ತದೆ. ಭಯದಿಂದ ನಡೆಯುವುದು ಇನ್ನಷ್ಟು ಕಡಮೆಯಾಗುತ್ತದೆ. ಸಮತೋಲವಾದರೋ ಅಭ್ಯಾಸಕ್ಕೆ ಒಲಿಯುವಂಥದು, ಎಪ್ಪತ್ತು ದಾಟಿದವರಿಗೂ. ಅಡಿಗೆಕಟ್ಟೆ ಹಿಡಿದು ಹತ್ತು ಎಣಿಸುವವರೆಗೆ ಒಂಟಿಕಾಲಿನಲ್ಲಿ ನಿಲ್ಲುವುದು, ಕುರ್ಚಿಯಿಂದ ಆದಷ್ಟೂ ಕೈಯೂರದೆ ಏಳುವುದು, ಗೋಡೆಯ ಪಕ್ಕದಲ್ಲಿ ಹಿಮ್ಮಡಿಗೆ ಬೆರಳು ತಾಗಿಸಿ ಹೆಜ್ಜೆಯಿಡುವುದು: ಇಷ್ಟನ್ನು ದಿನವೂ ಮಾಡಲಿ. ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ತಲೆಸುತ್ತು ಬರುವವರು, ಈಗಾಗಲೇ ಬಿದ್ದವರು, ನಿದ್ರೆಯ ಅಥವಾ ರಕ್ತದೊತ್ತಡದ ಗುಳಿಗೆ ತಿನ್ನುವವರು ಮೊದಲು ವೈದ್ಯರನ್ನು ಕೇಳಬೇಕು.

2011ರ ಜನಗಣತಿಯಂತೆ ಕೇರಳದಲ್ಲಿ ನೂರಕ್ಕೆ 12.6 ಮಂದಿ ಅರುವತ್ತು ಮುಟ್ಟಿದವರು. ತಿರುವನಂತಪುರದ ಮ್ಯೂಸಿಯಂ ಆವರಣದಲ್ಲಿ ಬೆಳಗ್ಗೆ ನಡೆಯುವ ಹಿರಿಯರಿಗೆ ಕೊರತೆಯಿಲ್ಲ. ನಿಮ್ಮ ಅಪ್ಪನೂ ಅಲ್ಲಿಗೆ ಬರಲಿ. ಕೈ ಹಿಡಿದೆಳೆಯಬೇಡಿ, ಅವರು ಬೇಕೆಂದಾಗ ಹಿಡಿಯುವಷ್ಟು ಹತ್ತಿರದಲ್ಲಿ, ಅವರ ವೇಗದಲ್ಲಿ ನಡೆಯಿರಿ.