ವಾಣಿಜ್ಯ ಪದವಿಗೆ ಬೇಕಿರುವುದು ಮತ್ತೊಂದು ವರ್ಷವಲ್ಲ

ಪದವಿ ಶಿಕ್ಷಣವು ಮೂರು ವರ್ಷದ್ದಿರಬೇಕೇ, ನಾಲ್ಕು ವರ್ಷದ್ದಿರಬೇಕೇ ಎಂಬ ವಾದ ಕರ್ನಾಟಕದಲ್ಲಿ ಬಹಳ ದಿನ ನಡೆಯಿತು. 2021ರಲ್ಲಿ ನಾಲ್ಕು ವರ್ಷದ ವ್ಯವಸ್ಥೆಗೆ ಹೋದ ರಾಜ್ಯವು 2024ರಲ್ಲಿ ಮೂರಕ್ಕೆ ಮರಳಿತು. ಆ ವರ್ಷಗಳಲ್ಲಿ ವಿದ್ಯಾರ್ಥಿಯು ಮಾಡುವುದಾದರೂ ಏನು ಎಂಬ ಪ್ರಶ್ನೆ ಮಾತ್ರ ವಾದದ ಕಾವಿನಲ್ಲಿ ಹಿಂದೆ ಸರಿಯಿತು.

ಬಿ.ಕಾಂ. ಮುಗಿಸಿದವರಿಗೆ ಕೆಲಸ ಬಾರದೆಂಬುದು ಮುಂಬಯಿ, ಪುಣೆಗಳ ವ್ಯಾಪಾರಿಗಳ ಹಳೆಯ ದೂರು. ಪಠ್ಯಕ್ರಮ ಬದಲಿಸಿ ಎಂಬುದು ಇದಕ್ಕೆ ಸಿದ್ಧವಾಗಿರುವ ಮದ್ದು. ಆದರೆ ಜಿಎಸ್‌ಟಿಯನ್ನೇ ನೋಡಬಹುದು. 2017ರ ಜುಲೈ 1ರಂದು ಜಾರಿಗೆ ಬಂದಂದಿನಿಂದ ಅದರ ದರಗಳೂ ನಮೂನೆಗಳೂ ಬದಲಾಗುತ್ತಲೇ ಇವೆ. ಸಮಿತಿ ಸೇರಿ, ಪುಸ್ತಕ ಅಚ್ಚಾಗಿ ತರಗತಿಗೆ ಬರುವಷ್ಟರಲ್ಲಿ ಅದು ಹಳತಾಗಿರುತ್ತದೆ. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್‌ನ ವ್ಯಾಖ್ಯೆಯನ್ನು ವಿದ್ಯಾರ್ಥಿ ಚೆನ್ನಾಗಿಯೇ ಬರೆದಾನು. ಖರೀದಿಯ ಬಿಲ್ಲು ಕೈಯಲ್ಲಿದ್ದೂ ಆ ತಿಂಗಳ 2ಬಿ ವಿವರದಲ್ಲಿ ಕಾಣದಿದ್ದರೆ ಯಾರನ್ನು ವಿಚಾರಿಸಬೇಕು, ಹಣ ತಡೆಹಿಡಿಯಬೇಕೇ ಎಂಬುದು ಅವನಿಗೆ ತಿಳಿಯದು. ಅದು ಪುಸ್ತಕದಿಂದ ಬರುವ ವಿದ್ಯೆಯೂ ಅಲ್ಲ.

ಹಾಗೆಂದು ಕಾಲೇಜನ್ನು ಕಂಪ್ಯೂಟರ್ ತರಬೇತಿ ಕೇಂದ್ರವಾಗಿಸುವುದು ಅವಿವೇಕ. ಒಂದು ತಂತ್ರಾಂಶದ ಗುಂಡಿಗಳನ್ನಷ್ಟೇ ಕಲಿತವನು ಆ ತಂತ್ರಾಂಶ ಬದಲಾದ ದಿನ ಬರಿಗೈಯಾಗುತ್ತಾನೆ. ಜಮೆ-ಖರ್ಚಿನ ತರ್ಕ, ಕರಾರು ಕಾನೂನಿನ ತಿರುಳು, ಸ್ಪಷ್ಟವಾಗಿ ಒಂದು ಪತ್ರ ಬರೆಯುವ ಶಕ್ತಿ, ಇವನ್ನು ಕೊಡಬೇಕಾದದ್ದು ತರಗತಿಯೇ. ಉಳಿದದ್ದು ಕಚೇರಿಯಲ್ಲಿ, ನಿಜವಾದ ಬಿಲ್ಲುಗಳ ನಡುವೆ ದೊರೆಯಬೇಕು. ಚಾರ್ಟರ್ಡ್ ಅಕೌಂಟೆನ್ಸಿಯಲ್ಲಿ ಆರ್ಟಿಕಲ್‌ಶಿಪ್ ಕಡ್ಡಾಯವಾಗಿರುವುದು ಇದಕ್ಕಾಗಿಯೇ. ಅದರ ಅವಧಿ ಮೂರರಿಂದ ಎರಡು ವರ್ಷಕ್ಕಿಳಿದರೂ ಅದನ್ನು ಯಾರೂ ಕೈಬಿಡಲಿಲ್ಲ.

ಇಂಥ ವ್ಯವಸ್ಥೆಗೆ ಹೊಸ ಕಾನೂನಿನ ಅಗತ್ಯವಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಬಾಗಿಲು 2014ರ ತಿದ್ದುಪಡಿಯಿಂದ ಎಂಜಿನಿಯರಿಂಗೇತರ ಪದವೀಧರರಿಗೂ ತೆರೆಯಿತು. 2019ರ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಯು ಶೇ. 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ಪದವಿಯ ಭಾಗವಾಗಿಯೇ ಅಪ್ರೆಂಟಿಸ್‌ಶಿಪ್ ನಡೆಸಲು ಯುಜಿಸಿ 2020ರಲ್ಲಿ ಮಾರ್ಗಸೂಚಿ ನೀಡಿತು. 40 ಜನರ ಸಂಸ್ಥೆಯ ಪಾಲಿಗೆ ಕನಿಷ್ಠ ಲೆಕ್ಕದಲ್ಲಿ ಬರುವುದು ಒಬ್ಬನೇ ಹುಡುಗ ಅಥವಾ ಹುಡುಗಿ. ಆ ಒಬ್ಬರನ್ನೂ ಕಲಿಸಲೊಲ್ಲದೆ ತರಬೇತಾದವರನ್ನೇ ಬಯಸುವ ಮಾಲೀಕನ ದೂರಿನಲ್ಲಿ ಹುರುಳಿಲ್ಲ.

ಕಠಿಣ ಪ್ರಶ್ನೆ ಹಣದ್ದು. ಅದೇ ನಿಯಮಗಳು ಪದವೀಧರ ಅಪ್ರೆಂಟಿಸ್‌ಗೆ ಗೊತ್ತುಪಡಿಸಿದ ಕನಿಷ್ಠ ಭತ್ಯೆ ತಿಂಗಳಿಗೆ 9,000 ರೂಪಾಯಿ. ಅದರ ಒಂದು ಪಾಲನ್ನು ಕೇಂದ್ರ ಸರಕಾರ ಭರಿಸುತ್ತದೆ. ಬೆಳಗಾವಿ ಜಿಲ್ಲೆಯ ಹಳ್ಳಿಯಿಂದ ಮುಂಬಯಿಗೆ ಬಂದವಳು ಆ ಮೊತ್ತದಲ್ಲಿ ಬಾಡಿಗೆ, ಊಟ, ಲೋಕಲ್ ಪಾಸು ಎಲ್ಲವನ್ನೂ ತೂಗಿಸಲಾರಳು. ನಗರದಲ್ಲಿ ಸ್ವಂತ ಮನೆಯುಳ್ಳವರ ಮಕ್ಕಳಿಗಷ್ಟೇ ಇಂಥ ಕಲಿಕೆ ಎಟಕುವಂತಾದರೆ ಸುಧಾರಣೆಯ ಫಲ ಈಗಾಗಲೇ ಉಳ್ಳವರಿಗೇ ಸಲ್ಲುತ್ತದೆ. ಕನಿಷ್ಠವೆಂದರೆ ಅಷ್ಟಕ್ಕೇ ನಿಲ್ಲಿಸು ಎಂದರ್ಥವಲ್ಲ. ಮೇಲಿನ ಮೊತ್ತವನ್ನು ಸಂಸ್ಥೆಯೇ ತುಂಬಬೇಕು, ಕಾಲೇಜು ವಾರದಲ್ಲಿ ಎರಡು ದಿನವನ್ನು ಕಚೇರಿಗೆ ಬಿಟ್ಟುಕೊಟ್ಟು ಅದಕ್ಕೆ ಅಂಕ ನೀಡಬೇಕು.